ಜೀನತ್ ಖಾಲಾಳ ಕೈ

ಕಳೆದ ವಾರ ಚಿಂತಾಮಣಿಯಿಂದ ಹೊರಟ ಬಸ್ಸು ಶಿಡ್ಲಘಟ್ಟದ ಮೊದಲ ಬೀದಿಗೆ ತಿರುಗುತ್ತಿದ್ದಂತೆ ಕಿಟಕಿಯಿಂದ ಆ ವಾಸನೆ ಒಳಗೆ ನುಗ್ಗಿತು. ರೇಷ್ಮೆಗೂಡು ಬೇಯಿಸಿದ ನೀರು, ಎಳೆ ಬಿಚ್ಚಿಕೊಂಡ ಮೇಲೆ ಗೂಡಿನೊಳಗೆ ಉಳಿಯುವ ಸತ್ತ ಹುಳು, ಎರಡೂ ಸೇರಿದ ವಾಸನೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಅಯ್ಯಪ್ಪಾ, ಈ ಊರೋರು ಅದೆಂಗೆ ಉಣ್ತಾರೋ!" ಅಂದಳು. ನಾನು ಮೂಗು ಮುಚ್ಚಲಿಲ್ಲ. ಹನ್ನೊಂದು ತಿಂಗಳು ಆ ವಾಸನೆಯಲ್ಲೇ ಮಲಗಿ ಎದ್ದವಳು ನಾನು. ಆದರೆ ಆ ಊರಿನ ಒಂದು ಮನೆಯಲ್ಲಿ ನಾನು ಹೇಳಲೇಬೇಕಾಗಿದ್ದ ಮಾತೊಂದು ಮೂರು ವರ್ಷದಿಂದ ಗಂಟಲಲ್ಲೇ ಕೂತಿತ್ತು.

ಕೊರೊನಾ ಇಳಿದ ಮರುವರ್ಷ ನಾನು ಅಲ್ಲಿನ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ನರ್ಸಾಗಿ ಸೇರಿದೆ. ನಮ್ಮೂರು ಮಂಡಿಕಲ್ ಕಡೆ. ದಿನಾ ಓಡಾಡಲು ಆಗದೆ ಒಂದು ರೂಮು ಹಿಡಿದೆ. ಕೆಳಗೆ ರೇಷ್ಮೆ ನೂಲು ಬಿಚ್ಚುವ ಶೆಡ್ಡು, ಹಿಂದೆ ಮನೆ, ಮೇಲೆ ನನ್ನದೊಂದು ಕೋಣೆ. ಮನೆಯ ಯಜಮಾನಿ ಖೈರುನ್ನೀಸಾ. ಊರೆಲ್ಲ ಖೈರಮ್ಮ ಅನ್ನುತ್ತಿತ್ತು. ಗಂಡ ತೀರಿಕೊಂಡ ಮೇಲೆ ಶೆಡ್ಡನ್ನು ತಾನೇ ನಡೆಸುತ್ತಿದ್ದ ಗಟ್ಟಿ ಹೆಂಗಸು. ಇದ್ದವಳು ಒಬ್ಬಳೇ ಮಗಳು, ನಸೀಮಾ. ಇಪ್ಪತ್ತಮೂರು ವರ್ಷ, ಬಾಯಿ ತುಂಬ ಮಾತು.

ರೂಮು ನೋಡಲು ಹೋದ ದಿನವೇ ನಾನು ಕಿರುಚಿದ್ದೆ. ಮಟಮಟ ಮಧ್ಯಾಹ್ನ. ಶೆಡ್ಡಿನಲ್ಲಿ ರಾಟೆಗಳು ತಿರುಗುತ್ತಿವೆ, ಗೂಡು ಬೇಯುವ ಬೇಸಿನ್‌ಗಳಿಂದ ಹಬೆ ಏಳುತ್ತಿದೆ. ಆ ಹಬೆಯ ನಡುವೆ ಸಿಮೆಂಟು ನೆಲದ ಮೇಲೆ ಒಬ್ಬಳು ಹುಡುಗಿ ಅಂಗಾತ ಮಲಗಿದ್ದಾಳೆ. ಕೈಕಾಲು ನೇರ, ಕಣ್ಣು ತೆರೆದೇ ಇದೆ, ತುಟಿ ನೀಲಿ. ಸುತ್ತಲಿನ ಹೆಂಗಸರು ಅವಳನ್ನು ದಾಟಿಕೊಂಡು ಓಡಾಡುತ್ತಿದ್ದಾರೆ, ಯಾರಿಗೂ ಏನೂ ಅನ್ನಿಸುತ್ತಿಲ್ಲ. ನಾನು ಕಿರುಚಿದ ಕೂಡಲೇ ಹೆಣ ನಕ್ಕಿತು.

"ಹೆದರ್ಕಂಬೇಡಿ ಅಕ್ಕ. ನಂಗೆ ಕೂತ್ರೆ ಉಸಿರು ಸಾಲಲ್ಲ, ಮಲಗಿದ್ರೆ ಸರಿಹೋಗುತ್ತೆ" ಅಂದಳು ನಸೀಮಾ.

ಲೋಕದಲ್ಲಿ ಉಬ್ಬಸದವರು ಮಲಗಿದರೆ ಒದ್ದಾಡುತ್ತಾರೆ, ಎದ್ದು ಕೂತರೆ ನೆಮ್ಮದಿಯಾಗುತ್ತಾರೆ. ಇವಳದು ತಿರುಗುಮುರುಗು. ಅರ್ಧ ಗಂಟೆ ಬೇಸಿನ್ ಮುಂದೆ ಕೂತು ಎಳೆ ಎತ್ತಿ ಕೊಡುತ್ತಿದ್ದಳು, ಆಮೇಲೆ ಹತ್ತು ನಿಮಿಷ ನೆಲದ ಮೇಲೆ. ನರ್ಸಿಂಗ್ ಓದಿದ ನನಗೆ ಅದು ವಿಚಿತ್ರ ಅನ್ನಿಸಬೇಕಾಗಿತ್ತು. ಅನ್ನಿಸಿತು ಕೂಡ, ಒಂದು ವಾರ. ಆಮೇಲೆ ನಾನೂ ಅವಳನ್ನು ದಾಟಿಕೊಂಡು ಓಡಾಡಿದೆ.

ಆ ಮನೆಯಲ್ಲಿ ಇನ್ನೊಂದಿತ್ತು, ರಕ್ತ. ಖೈರಮ್ಮ ಚಹಾ ಸೋಸುತ್ತಾ ನಿಂತಿದ್ದಾಗ ಮೂಗಿನಿಂದ ಸದ್ದಿಲ್ಲದೆ ರಕ್ತ ಇಳಿಯುತ್ತಿತ್ತು. ಅವರು ಸೊಂಟದಲ್ಲಿ ಸಿಕ್ಕಿಸಿದ್ದ ಬಟ್ಟೆಯಿಂದ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಲೋಟ ತುಂಬಿಸುತ್ತಿದ್ದರು. ನಸೀಮಾಳಿಗೂ ಹಾಗೇ. ತಾಯಿ ಮಗಳಿಬ್ಬರ ತುಟಿಯ ಮೇಲೂ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳಿದ್ದವು. "ನಮ್ಮ ಅಮ್ಮಿಗೂ ಹಿಂಗೇ ಇತ್ತು. ಬೇಸಿನ್ ಕಾವು ಕಣಮ್ಮ" ಅಂದಿದ್ದರು ಖೈರಮ್ಮ. ಆ ಊರಿನಲ್ಲಿ ಎಲ್ಲಕ್ಕೂ ಬೇಸಿನ್ನೇ ಕಾರಣ. ದಿನವಿಡೀ ಕುದಿಯುವ ನೀರಿಗೆ ಕೈ ಅದ್ದಿ ಅದ್ದಿ ಬೆರಳ ತುದಿ ಬೆಂದು ಉಬ್ಬಿರುತ್ತದೆ, ಉಗುರು ಬಣ್ಣಗೆಟ್ಟಿರುತ್ತದೆ. ಬೆರಳು ಜೋಮು ಹಿಡಿದು ಹತ್ತಿಪ್ಪತ್ತು ನಿಮಿಷ ಸತ್ತಂತಾಗುವುದೂ ಅಲ್ಲಿ ಮಾಮೂಲಿ. ಕೈ ಸೋತಿತು ಅನ್ನುತ್ತಾರೆ. ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗುತ್ತದೆ, ಮತ್ತೆ ಬೇಸಿನ್‌ಗೆ ಕೈ ಹಾಕುತ್ತಾರೆ.

ಆಷಾಢ ಬಂತು. ನಮ್ಮ ಬಯಲುಸೀಮೆಯ ಆಷಾಢ ಅಂದರೆ ಮಳೆಗಿಂತ ಗಾಳಿಯೇ ಹೆಚ್ಚು. ಶೆಡ್ಡಿನ ತಗಡು ಹಗಲೆಲ್ಲ ಯಾರೋ ಮೇಲೆ ನಡೆದಾಡಿದ ಹಾಗೆ ಬಡಿದುಕೊಳ್ಳುತ್ತಿತ್ತು. ಬಿಸಿಲೇ ಇಲ್ಲ. ಜಂಗಮಕೋಟೆ ಕಡೆಯಿಂದ ಬರುವ ಗೂಡು ತೇವಕ್ಕೆ ಮೆತ್ತಗಾಗಿ ಎಳೆ ಮತ್ತೆ ಮತ್ತೆ ತುಂಡಾಗುತ್ತಿತ್ತು. ಅಂಥ ಒಂದು ದಿನ ನಾನು ಬ್ಯಾಗಿನಿಂದ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ತೆಗೆದು ತಮಾಷೆಗೆಂದು ನಸೀಮಾಳ ಬೆರಳಿಗೆ ಸಿಕ್ಕಿಸಿದೆ. ಎಂಬತ್ತಾರು ತೋರಿಸಿತು. ನನ್ನ ಬೆರಳಿಗೆ ಹಾಕಿಕೊಂಡೆ, ತೊಂಬತ್ತೆಂಟು. ಮತ್ತೆ ಅವಳಿಗೆ. ಎಂಬತ್ತಾರು.

"ಏನಕ್ಕ, ಸತ್ತೋಗ್ತೀನಾ?" ಅಂತ ಕಣ್ಣು ಮಿಟುಕಿಸಿದಳು.

"ನಿನ್ನ ಬೆರಳು ಬೆಂದು ಹಲಸಿನ ಸಿಪ್ಪೆ ಆಗೈತೆ, ಮಿಷನ್‌ಗೆ ಏನ್ ಕಾಣುತ್ತೆ ಮಣ್ಣು!" ಅಂದೆ.

ಅವಳು ನಗುತ್ತಾ ನೆಲದ ಮೇಲೆ ಮಲಗಿದಳು. ಬೆರಳಲ್ಲಿದ್ದ ಆಕ್ಸಿಮೀಟರ್ ತೆಗೆಯುವುದು ಮರೆತಿದ್ದೆವು. ನಾನು ನೋಡುತ್ತಿದ್ದಂತೆ ಅಂಕಿ ಏರಿತು. ಎಂಬತ್ತೊಂಬತ್ತು, ತೊಂಬತ್ತೆರಡು, ತೊಂಬತ್ತೈದು. ಎದ್ದು ಕೂತಳು. ಮೆಲ್ಲಗೆ ಇಳಿಯಿತು. ಯಾರೋ ಒಳಗೆ ಕೂತು ಅವಳು ಎದ್ದಾಗ ಒಂದು ಬಾಗಿಲು ತೆರೆದು, ಮಲಗಿದಾಗ ಮುಚ್ಚುತ್ತಿರುವ ಹಾಗೆ. ಬೆರಳು ಬೆಂದಿದ್ದರೆ ಮಲಗಿದ ಕೂಡಲೇ ಹೇಗೆ ಸರಿಯಾಗುತ್ತದೆ ಎಂದು ಒಂದು ಕ್ಷಣ ಕೇಳಿಕೊಂಡೆ. ಅಷ್ಟರಲ್ಲಿ ಡ್ಯೂಟಿಗೆ ಹೊತ್ತಾಯಿತು, ಹೋದೆ. ಇದು ನನ್ನ ಮೊದಲ ತಪ್ಪು. ಎರಡನೆಯದು ಇದಕ್ಕಿಂತ ದೊಡ್ಡದು.

ಅದು ಒಂದು ಶುಕ್ರವಾರ. ಬೆಳಗ್ಗೆ ಹನ್ನೊಂದರ ಸುಮಾರಿಗೆ ಖೈರಮ್ಮನ ಫೋನು ಬಂತು. ನಾನು ಹೆರಿಗೆ ಕೋಣೆಯಲ್ಲಿದ್ದೆ, ಎರಡು ಕೇಸು ಒಟ್ಟಿಗೆ, ತಲೆ ಕೆಟ್ಟುಹೋಗಿತ್ತು.

"ಸಿಸ್ಟರಮ್ಮ, ನಸೀಮಾಗೆ ಎಡಗೈ ಸೋತೈತೆ. ಎತ್ತಕ್ಕೇ ಆಗ್ತಿಲ್ಲ ಅಂತಾಳೆ. ನಂಗೆ ಯಾಕೋ ಭಯ ಆಗ್ತೈತೆ."

"ಜೋಮು ಹಿಡಿದಿರುತ್ತೆ ಖೈರಮ್ಮ. ಬೇಸಿನ್ ಬಿಟ್ಟು ಮಲಗಕ್ಕೆ ಹೇಳಿ, ಹತ್ತು ನಿಮಿಷದಲ್ಲಿ ಬರುತ್ತೆ. ಪ್ರತಿಯೊಂದಕ್ಕೂ ಹಿಂಗೆ ಫೋನ್ ಮಾಡಿದ್ರೆ ನಾನು ಇಲ್ಲಿ ಕೆಲಸ ಮಾಡೋದು ಬೇಡ್ವಾ?"

ಆ ಕಡೆ ಒಂದು ಉಸಿರು ಕೇಳಿಸಿತು. "ಜೋಮೇನಾ? ಸರಿ ಕಣಮ್ಮ. ಜೋಮೇ ಇರಬೇಕು" ಅಂದರು. ಅವರ ದನಿ ಹಗುರಾದದ್ದು ನನಗೆ ಇವತ್ತಿಗೂ ನೆನಪಿದೆ.

ನಾಲ್ಕೂವರೆಗೆ ಮನೆಗೆ ಬಂದೆ. ಶುಕ್ರವಾರ ಮಧ್ಯಾಹ್ನ ಶೆಡ್ಡಿಗೆ ರಜೆ. ಒಂದು ರಾಟೆಯೂ ತಿರುಗುತ್ತಿರಲಿಲ್ಲ, ಬೇಸಿನ್‌ನ ನೀರು ತಣ್ಣಗಾಗಿತ್ತು, ಗಾಳಿಗೆ ತಗಡು ಮಾತ್ರ ಬಡಿಯುತ್ತಿತ್ತು. ನಸೀಮಾ ಒಳಮನೆಯ ಚಾಪೆಯ ಮೇಲೆ ಮಲಗಿದ್ದಳು. ನಿದ್ದೆ ಬಂದಿದೆ ಎಂದು ಖೈರಮ್ಮ ಎಬ್ಬಿಸಿರಲಿಲ್ಲ. ನಾನು ಹತ್ತಿರ ಹೋಗಿ ನೋಡಿದೆ. ಬಾಯಿ ಒಂದು ಕಡೆಗೆ ಜಾರಿತ್ತು. ಕಣ್ಣು ತೆರೆದಳು. ನಾನು ಅವಳ ಎಡಗಡೆ ನಿಂತಿದ್ದೆ. ನನ್ನನ್ನು ನೋಡಲೇ ಇಲ್ಲ, ಬಲಗಡೆಯ ಗೋಡೆಯನ್ನೇ ನೋಡುತ್ತಾ, "ಅಕ್ಕ, ಬಂದ್ರಾ? ಈ ಕೈ ಸ್ವಲ್ಪ ತೆಗೀರಿ, ಭಾರ ಆಗ್ತೈತೆ" ಅಂದಳು.

"ಯಾವ ಕೈ?"

ಬಲಗೈಯಿಂದ ತನ್ನದೇ ಎಡಗೈಯನ್ನು ಹಿಡಿದು ಎತ್ತಿ, ಬೇರೆ ಯಾರದೋ ವಸ್ತುವಿನ ಹಾಗೆ ನನ್ನ ಕಡೆ ನೀಡಿದಳು. "ಇದು. ಜೀನತ್ ಖಾಲಾದು. ಪಕ್ಕದಲ್ಲೇ ಮಲಗವ್ಳೆ, ಕೈ ನನ್ನ ಮೇಲೆ ಹಾಕವ್ಳೆ. ನೋಡಿ, ಹಸಿರು ಬಳೆ."

ಆ ಕೈಯಲ್ಲಿ ಬಳೆಯೇ ಇರಲಿಲ್ಲ. ನನ್ನ ಬೆನ್ನ ಹಿಂದೆ ಏನೋ ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ಖೈರಮ್ಮ ಗೋಡೆಗೆ ಒರಗಿ ಕುಸಿದಿದ್ದರು. ಖಾಲಾ ಅಂದರೆ ತಾಯಿಯ ಸೋದರಿ ಎಂದು ನನಗೆ ಗೊತ್ತಿತ್ತು. ಆದರೆ ಖೈರಮ್ಮನಿಗೆ ಒಡಹುಟ್ಟಿದವಳೊಬ್ಬಳಿದ್ದಳು ಎಂದು ಆ ಮನೆಯಲ್ಲಿ ಯಾರೂ ಯಾವತ್ತೂ ಅಂದಿರಲಿಲ್ಲ.

ಪಕ್ಕದ ಮನೆಯವರು ಗಾಳಿ ಸೋಕಿದೆ ಅಂದರು, ಇನ್ಯಾರೋ ತಾಯತ ಅಂದರು. ನಾನು ಎಲ್ಲರ ಮೇಲೂ ರೇಗಿದೆ. ನನ್ನ ಮೇಲೆ ರೇಗಿಕೊಳ್ಳಲು ಆಗದೆ ಅವರ ಮೇಲೆ ರೇಗಿದೆ ಅನ್ನುವುದೇ ಸರಿ. ಕಾರು ಮಾಡಿಕೊಂಡು ಚಿಕ್ಕಬಳ್ಳಾಪುರಕ್ಕೆ ಓಡಿದೆವು. ಸ್ಕ್ಯಾನ್ ಆಯಿತು. ಮೆದುಳಿನ ಬಲಭಾಗಕ್ಕೆ ರಕ್ತ ಹೋಗುವ ನಾಳದಲ್ಲಿ ಹೆಪ್ಪು. ಸ್ಟ್ರೋಕ್. ಇಪ್ಪತ್ತಮೂರು ವರ್ಷದ ಹುಡುಗಿಗೆ! "ಯಾವಾಗ ಶುರುವಾಯ್ತು?" ಅಂತ ಅಲ್ಲಿನವರು ಕೇಳಿದರು. ಬೆಳಗ್ಗೆ ಹನ್ನೊಂದು ಅಂದೆ. ಗಡಿಯಾರ ನೋಡಿ, ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯೊಳಗೆ ಬರಬೇಕಿತ್ತು, ಮೀರಿಹೋಗಿದೆ, ಬೆಂಗಳೂರಿಗೆ ಹೊರಡಿ ಅಂದರು. ನಾನು ಖೈರಮ್ಮನ ಮುಖ ನೋಡಲಿಲ್ಲ. ಆ ಫೋನಿನ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ನಾನು ರಜೆ ಹಾಕಿ ಜೊತೆಗೇ ಉಳಿದೆ. ಕತ್ತಿನ ರಕ್ತನಾಳ ಚೆನ್ನಾಗಿದೆ, ಸಕ್ಕರೆ ಇಲ್ಲ, ಬಿಪಿ ಇಲ್ಲ, ಹೃದಯದ ಬಡಿತ ಸರಿಯಿದೆ. ಕಾರಣವೇ ಸಿಗುತ್ತಿಲ್ಲ. ಕಾರಣ ಸಿಗದಿದ್ದರೆ ಇನ್ನೊಂದು ಹೆಪ್ಪು ಯಾವಾಗ ಬೇಕಾದರೂ ಮೇಲೇರಬಹುದು, ಆಗ ಹುಡುಗಿ ಉಳಿಯುವುದು ಕಷ್ಟ ಎಂದರು ಡಾಕ್ಟರು. ನಿಧಾನ ಸ್ವಭಾವದ ಮನುಷ್ಯ, ಕೂದಲು ಅರ್ಧ ನೆರೆತಿತ್ತು. "ನಿಮ್ಮ ಮನೇಲಿ ಚಿಕ್ಕ ವಯಸ್ಸಲ್ಲಿ ಯಾರಿಗಾದ್ರೂ ಹೀಗಾಗಿತ್ತಾ ಅಮ್ಮ?" ಎಂದು ಖೈರಮ್ಮನನ್ನು ಕೇಳಿದರು.

"ಯಾರಿಗೂ ಇಲ್ಲ ಸಾರ್" ಅಂದರು ಖೈರಮ್ಮ. ಮಗಳ ಮದುವೆಯ ಮಾತು ನಡೆದಿತ್ತು, ಅದಕ್ಕೇ ಮುಚ್ಚಿಡುತ್ತಿದ್ದಾರೆ ಅಂದುಕೊಂಡೆ.

ಮಂಚದ ಮೇಲಿಂದ ನಸೀಮಾ ತೀರಾ ಸಹಜವಾಗಿ, "ಡಾಕ್ಟರ್, ಈ ಕೈ ಜೀನತ್ ಖಾಲಾಗೆ ವಾಪಸ್ ಕೊಟ್ಬಿಡಿ. ಅವಳಿಗೆ ಬೇಕಂತೆ" ಅಂದಳು.

ಮೆದುಳಿನ ಆ ಭಾಗಕ್ಕೆ ಏಟು ಬಿದ್ದರೆ ಕೆಲವರಿಗೆ ತಮ್ಮ ಕೈ ತಮ್ಮದಲ್ಲ ಅನ್ನಿಸುತ್ತದೆ, ಗಾಬರಿಯಾಗಬೇಡಿ ಎಂದು ಡಾಕ್ಟರು ನನಗೆ ಆಗಲೇ ಹೇಳಿದ್ದರು. ಗಂಡನದು ಅನ್ನುವವರಿದ್ದಾರೆ, ಪಕ್ಕದ ರೋಗಿಯದು ಅನ್ನುವವರಿದ್ದಾರೆ. ಆದರೆ ಅವತ್ತು ಅವರು ನಸೀಮಾಳನ್ನು ನೋಡಲಿಲ್ಲ, ಖೈರಮ್ಮನನ್ನು ನೋಡಿದರು. ಕುರ್ಚಿ ಎಳೆದುಕೊಂಡು ಅವರ ಎದುರು ಕೂತು, "ಜೀನತ್ ಯಾರಮ್ಮ?" ಎಂದು ಕೇಳಿದರು.

ಖೈರಮ್ಮ ಮಗಳ ಹೊದಿಕೆ ಸರಿಪಡಿಸಿದರು. ಆಮೇಲೆ ಹೇಳಿದರು. ಜೀನತ್ ಅವರ ಬೆನ್ನಿಗೆ ಬಿದ್ದ ತಂಗಿ. ಅವಳಿಗೂ ಮೂಗಲ್ಲಿ ರಕ್ತ, ತುಟಿಯ ಮೇಲೆ ಚುಕ್ಕೆ. ಅವಳೂ ಹಗಲೆಲ್ಲ ನೆಲದ ಮೇಲೆ ಮಲಗುತ್ತಿದ್ದಳು. ಬಸುರಿಯಾಗಿ ತವರಿಗೆ ಬಂದಿದ್ದಳು. ಏಳು ತಿಂಗಳಿಗೆ ಹಸಿರು ಬಳೆ ತೊಡಿಸಿದ ಎಂಟನೇ ದಿನ ಬೇಸಿನ್ ಮುಂದೆ ಎಡಗೈ ಸೋತಿತು. ನಾಲ್ಕನೇ ದಿನ ತಾಯಿ ಮಗು ಇಬ್ಬರೂ ಹೋದರು. ನಸೀಮಾ ಆಗಿನ್ನೂ ಹುಟ್ಟಿರಲಿಲ್ಲ.

"ಬಳೆ ವಿಷಯ ಇವಳಿಗೆ ಯಾರು ಹೇಳಿದ್ರು ಖೈರಮ್ಮ?" ಎಂದು ನಾನು ಕೇಳಿದೆ.

"ಯಾರೂ ಹೇಳಿಲ್ಲ. ಜೀನತ್ ಹೆಸರು ನಾನು ನಮ್ಮನೇಲಿ ಎತ್ತಿದ್ದೇ ಇಲ್ಲ."

ಚಿಕ್ಕಂದಿನಲ್ಲಿ ನೆಂಟರು ಪಿಸುಗುಟ್ಟಿದ್ದನ್ನು ನಸೀಮಾ ಕೇಳಿಸಿಕೊಂಡಿರಬೇಕು. ನಾನು ಹಾಗೇ ನಂಬಿದ್ದೇನೆ. ಕೆಲವು ದಿನ ಆ ನಂಬಿಕೆ ಗಟ್ಟಿಯಾಗಿರುತ್ತದೆ, ಕೆಲವು ದಿನ ಇರುವುದಿಲ್ಲ.

ಡಾಕ್ಟರು ಎದ್ದು ನಸೀಮಾಳ ತುಟಿ ನೋಡಿದರು. ಅವಳ ಬೆರಳನ್ನು ಹಿಡಿದು ಪಕ್ಕದಿಂದ ನೋಡಿದರು. ಬೆರಳ ತುದಿ ಬೆಂದಿದ್ದಕ್ಕೆ ಉಬ್ಬಿಲ್ಲ, ಒಳಗೆ ರಕ್ತಕ್ಕೆ ಆಮ್ಲಜನಕ ಸಾಲದೆ ವರ್ಷಗಟ್ಟಲೆಯಿಂದ ಉಬ್ಬಿದೆ ಅಂದರು. ಹಲಸಿನ ಸಿಪ್ಪೆ ಅಂದಿದ್ದವಳು ನಾನು. ಅವಳನ್ನು ಬಲಮಗ್ಗುಲಿಗೆ ತಿರುಗಿಸಿ, ಬೆನ್ನಿನ ಎಡಗಡೆ ಕೆಳಭಾಗದಲ್ಲಿ ಸ್ಟೆತಾಸ್ಕೋಪ್ ಇಟ್ಟು ಕಣ್ಣು ಮುಚ್ಚಿಕೊಂಡರು. ಬಹಳ ಹೊತ್ತಾದ ಮೇಲೆ ನನ್ನ ಕಡೆ ನೀಡಿ, "ಸಿಸ್ಟರ್, ನೀವೂ ಕೇಳಿ" ಅಂದರು.

ಕಿವಿಗೆ ಹಾಕಿಕೊಂಡೆ. ಶಿಡ್ಲಘಟ್ಟದ ಶೆಡ್ಡು ಕೇಳಿಸಿತು. ದೇವರಾಣೆಗೂ ಸುಳ್ಳಲ್ಲ. ಸುಯ್, ಸುಯ್, ಸುಯ್ ಎಂದು ರಾಟೆ ತಿರುಗುವ ಸದ್ದು. ಅವಳು ಉಸಿರು ಎಳೆದಾಗ ಹತ್ತಿರ ಬರುತ್ತಿತ್ತು, ಬಿಟ್ಟಾಗ ದೂರ ಹೋಗುತ್ತಿತ್ತು. ಆ ಸದ್ದಿನ ಮೇಲೆ ನಾನು ತಿಂಗಳುಗಟ್ಟಲೆ ಮಲಗಿದ್ದೆ. ಇಷ್ಟು ದೂರದ ಊರಿನಲ್ಲಿ, ಒಬ್ಬ ಹುಡುಗಿಯ ಪಕ್ಕೆಲುಬಿನ ಹಿಂದೆ ಅದು ತಿರುಗುತ್ತಲೇ ಇತ್ತು. ಅವಳು ಹುಟ್ಟಿದಾಗಿನಿಂದ ತಿರುಗುತ್ತಿದ್ದಿರಬೇಕು. ನಾನು ಸ್ಟೆತಾಸ್ಕೋಪ್ ಕಿತ್ತು ಅವರ ಕೈಗೆ ಕೊಟ್ಟುಬಿಟ್ಟೆ.

ಮರುದಿನ ಬೆಳಗ್ಗೆ ಗುಳ್ಳೆ ಪರೀಕ್ಷೆ ಮಾಡಿದರು. ಉಪ್ಪುನೀರನ್ನು ಎರಡು ಸಿರಿಂಜುಗಳ ನಡುವೆ ಕಲಕಿ, ಸಣ್ಣ ಸಣ್ಣ ಗುಳ್ಳೆ ಏಳಿಸಿ, ತೋಳಿನ ನಾಳಕ್ಕೆ ಬಿಡುತ್ತಾರೆ. ಪರದೆಯ ಮೇಲೆ ಹೃದಯ ಬಡಿಯುತ್ತಿರುವುದು ಕಾಣುತ್ತದೆ. ಬಲಭಾಗ ಹಾಲು ಸುರಿದಂತೆ ಬೆಳ್ಳಗಾಯಿತು. ಎಡಭಾಗ ಕಪ್ಪಾಗಿಯೇ ಇರಬೇಕು, ಯಾಕೆಂದರೆ ಗುಳ್ಳೆ ಶ್ವಾಸಕೋಶದ ಜರಡಿ ದಾಟಿ ಬರುವಂತಿಲ್ಲ. "ಎಣಿಸಿ" ಅಂದರು ಡಾಕ್ಟರು. ಹೃದಯದ ಗೋಡೆಯಲ್ಲೇ ತೂತಿದ್ದರೆ ಮೂರು ಬಡಿತದೊಳಗೆ ಎಡಗಡೆ ಗುಳ್ಳೆ ಬರುತ್ತದಂತೆ. ಒಂದು, ಎರಡು, ಮೂರು. ಕಪ್ಪು. ನಾಲ್ಕು. ಕಪ್ಪು. ಐದನೆಯ ಬಡಿತಕ್ಕೆ ಆ ಕತ್ತಲಿನ ಮೂಲೆಯಿಂದ ಒಂದು ಗುಳ್ಳೆ ತೇಲಿಬಂತು. ಹಿಂದೆಯೇ ಹತ್ತು. ಹಿಂದೆಯೇ ನೂರಾರು. ಬರಬಾರದ ದಾರಿಯಲ್ಲಿ ಒಂದು ಜಾತ್ರೆಯೇ ಸದ್ದಿಲ್ಲದೆ ನಡೆದು ಬಂದ ಹಾಗಿತ್ತು.

"ಹೃದಯದಲ್ಲಲ್ಲ, ಶ್ವಾಸಕೋಶದಲ್ಲಿದೆ ಕಳ್ಳದಾರಿ" ಅಂದರು ಡಾಕ್ಟರು. ಆಮೇಲೆ ಖೈರಮ್ಮನಿಗೆ ತಿಳಿಸಿ ಹೇಳಿದರು. ಕಾಲಿನ ನಾಳದಲ್ಲಿ ಸಣ್ಣಪುಟ್ಟ ಹೆಪ್ಪು ಎಲ್ಲರಲ್ಲೂ ಆಗುತ್ತಿರುತ್ತದೆ, ಶ್ವಾಸಕೋಶ ಅದನ್ನು ತಡೆದು ಕರಗಿಸುತ್ತದೆ. ಇವಳ ಎಡ ಶ್ವಾಸಕೋಶದ ಬುಡದಲ್ಲಿ ಎರಡು ರಕ್ತನಾಳಗಳು ನೇರವಾಗಿ ಬೆಸೆದುಕೊಂಡು, ಜರಡಿಯನ್ನು ತಪ್ಪಿಸಿ ಹೋಗುತ್ತಿವೆ. ಎದ್ದು ಕೂತಾಗ ರಕ್ತ ಕೆಳಕ್ಕಿಳಿದು ಆ ದಾರಿಯಲ್ಲೇ ಹೆಚ್ಚು ನುಗ್ಗುತ್ತದೆ, ಅದಕ್ಕೇ ಉಸಿರು ಸಾಲುವುದಿಲ್ಲ. ಮೂಗಿನ ರಕ್ತ, ತುಟಿಯ ಚುಕ್ಕೆ, ಈ ಕಳ್ಳದಾರಿ, ಎಲ್ಲ ವಂಶದಿಂದ ಬಂದ ಒಂದೇ ಕಾಯಿಲೆ. ಬಸಿರಿನಲ್ಲಿ ಇನ್ನೂ ಅಪಾಯ. ಜೀನತ್‌ಗೂ ಬಹುಶಃ ಇದೇ ಆಗಿರಬೇಕು. "ಜೀನತ್ ವಿಷಯ ನೀವು ಹೇಳದಿದ್ದರೆ ನಾವು ರಕ್ತ ತೆಳುವಾಗೋ ಮಾತ್ರೆ ಕೊಟ್ಟು ಮನೆಗೆ ಕಳಿಸಿಬಿಡ್ತಿದ್ವಿ" ಅಂದರು.

ತೊಡೆಯ ಸಂದಿನ ನಾಳದಿಂದ ಸಣ್ಣ ಕೊಳವೆ ಹಾಯಿಸಿ, ಆ ದಾರಿಯೊಳಗೆ ಲೋಹದ ಸುರುಳಿ ಬಿಟ್ಟು ಮುಚ್ಚುವುದು ಎಂದಾಯಿತು. ಅಲ್ಲಿಯವರೆಗೆ ಅವಳಿಗೆ ಹಾಕುವ ಡ್ರಿಪ್‌ನಲ್ಲಿ ಒಂದು ಗಾಳಿಗುಳ್ಳೆಯೂ ಹೋಗಬಾರದು, ನೇರ ಮೆದುಳಿಗೆ ಹೋದೀತು. ಆ ಎರಡು ದಿನ ನಾನು ಡ್ರಿಪ್‌ನ ಕೊಳವೆಯನ್ನು ಬೆರಳಿನಿಂದ ತಟ್ಟುತ್ತಾ, ಕಣ್ಣು ನೋಯುವವರೆಗೆ ಕಾದೆ. ನಸೀಮಾ ಬಲಗಡೆಗೇ ಮುಖ ಮಾಡಿಕೊಂಡು, ಎಡಗಡೆ ಇದ್ದ ಖಾಲಾಳ ಹತ್ತಿರ ಉರ್ದುವಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದಳು. ಕೇಳಿ ಉತ್ತರಕ್ಕೆ ಕಾಯುತ್ತಿದ್ದಳು. ಆಮೇಲೆ ತಲೆಯಾಡಿಸುತ್ತಿದ್ದಳು. ಹಗಲು ಹೊತ್ತಿನಲ್ಲೇ ನನಗೆ ಆ ಕಡೆಯ ಕುರ್ಚಿಯಲ್ಲಿ ಕೂರಲು ಧೈರ್ಯವಾಗಲಿಲ್ಲ.

ಸುರುಳಿ ಹಾಕಿದ ಮರುದಿನ ಅವಳನ್ನು ಮಂಚದ ಮೇಲೆ ಎಬ್ಬಿಸಿ ಕೂರಿಸಿದರು. ಆಕ್ಸಿಮೀಟರಿನ ಅಂಕಿ ತೊಂಬತ್ತಾರರಲ್ಲೇ ನಿಂತಿತು. ತುಟಿಯ ನೀಲಿ ಹೋಗಿತ್ತು. ನಸೀಮಾ ತಲೆ ಬಗ್ಗಿಸಿ ತೊಡೆಯ ಮೇಲಿದ್ದ ಎಡಗೈಯನ್ನು ನೋಡಿದಳು, ಬಲಗೈಯಿಂದ ಒಂದೊಂದೇ ಬೆರಳು ಮುಟ್ಟಿದಳು. "ಖಾಲಾ ಹೋದಳು" ಅಂದವಳೇ ಗಳಗಳ ಅತ್ತುಬಿಟ್ಟಳು. ಖೈರಮ್ಮನೂ ಅತ್ತರು. ನನಗೆ ಅಳಲು ಯಾವ ಮುಖವಿತ್ತು? ಆ ಫೋನಿನ ಮಾತನ್ನು ಅವತ್ತೇ ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ದೀಪಾವಳಿಗೆ ಮುಂಚೆಯೇ ಗೌರಿಬಿದನೂರಿನಲ್ಲಿ ಬೇರೆ ಕೆಲಸ ಹಿಡಿದು ರೂಮು ಖಾಲಿ ಮಾಡಿದೆ. ಓಡಿಹೋದೆ ಅಂದರೂ ಸರಿ.

ಕಳೆದ ವಾರ ಹೋದಾಗ ನಸೀಮಾ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ನೆಟ್ಟಗೆ ಕೂತು ಕೆಲಸದವರಿಗೆ ಗದರುತ್ತಿದ್ದಳು. ಎಡಗೈ ಈಗಲೂ ನಿಧಾನ. ಸಣ್ಣ ಎಳೆ ಹಿಡಿಯಲು ಆ ಬೆರಳುಗಳಿಗೆ ಆಗುವುದಿಲ್ಲ. ಖೈರಮ್ಮನ ಶ್ವಾಸಕೋಶದಲ್ಲೂ ಅಂಥದೇ ಸಣ್ಣ ಕಳ್ಳದಾರಿಯೊಂದು ಸಿಕ್ಕಿದೆಯಂತೆ, ಆಗಾಗ ಹೋಗಿ ತೋರಿಸುತ್ತಾರೆ. ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿ ಚಹಾ ಕೊಟ್ಟರು. ಲೋಟ ಕೆಳಗಿಟ್ಟು ಒಂದೇ ಉಸಿರಿಗೆ ಹೇಳಿಬಿಟ್ಟೆ. "ಖೈರಮ್ಮ, ಅವತ್ತು ಫೋನಲ್ಲಿ ಜೋಮು ಅಂದವಳು ನಾನು. ಹನ್ನೊಂದು ಗಂಟೆಗೇ ಕರ್ಕೊಂಡು ಬನ್ನಿ ಅಂದಿದ್ರೆ ಅವಳ ಕೈ ಪೂರ್ತಿ ಉಳೀತಿತ್ತೇನೋ. ನನ್ನಿಂದ ಹೋಯ್ತು."

ಅವರು ಒಲೆ ಆರಿಸಿದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ನನ್ಗೊತ್ತು ಕಣಮ್ಮ" ಅಂದರು. "ನೀನು ಜೋಮು ಅಂದಾಗ ನಂಗೆ ಎಷ್ಟು ಸಂತೋಷ ಆಯ್ತು ಗೊತ್ತಾ? ಜೀನತ್‌ಗೂ ಕೈ ಸೋತಾಗ ನನ್ನ ಹತ್ರಾನೇ ಬಂದಿದ್ಲು. 'ಜೋಮು ಕಣೇ, ನಾಟಕ ಮಾಡಬೇಡ, ಬಸುರಿ ಅಂದ್ರೆ ಬರೀ ಮಲಗೋದಾ, ಎದ್ದು ಬೇಸಿನ್ ಮುಂದೆ ಕೂತ್ಕೋ' ಅಂದೆ. ನಾನೇ ಎಬ್ಬಿಸಿ ಕೂರಿಸ್ದೆ. ಇಷ್ಟು ವರ್ಷ ಆದ್ಮೇಲೆ ನೀನು, ಓದಿರೋಳು, ಜೋಮು ಅಂದೆ. ಹಂಗಾದ್ರೆ ಅವತ್ತು ನಾನು ಹೇಳಿದ್ದೂ ತಪ್ಪಲ್ಲ ಅನ್ನಿಸ್ತು. ಅದಕ್ಕೇ ಮಗಳನ್ನ ಎಬ್ಬಿಸ್ಲಿಲ್ಲ. ಸಾಯಂಕಾಲದವರೆಗೂ ಪಕ್ಕದಲ್ಲೇ ಕೂತು ಜೋಮೇ, ಜೋಮೇ ಅಂತ ಅಂದ್ಕೊಂಡೆ."

ಅವರು ಸೆರಗಿನಿಂದ ಮುಖ ಒರೆಸಿಕೊಂಡು ಶೆಡ್ಡಿನ ಕಡೆ ಕೈ ತೋರಿಸಿದರು.

"ನೀನು ಹೇಳ್ಕೊಳ್ಳೋದಾದ್ರೆ ಅವಳಿಗೆ ಹೇಳ್ಕೋ, ಹೋಗು. ಅಲ್ಲೇ ಕೂತವ್ಳೆ. ನಾನು ಯಾರ ಹತ್ರ ಹೋಗ್ಲಿ?"

ಎದ್ದು ಶೆಡ್ಡಿಗೆ ಹೋದೆ. ನಸೀಮಾ ನನ್ನ ಮುಖ ನೋಡಿ ಸ್ಟೂಲಿನಿಂದ ಇಳಿದು ಬಂದಳು. "ಯಾಕಕ್ಕ, ಏನಾಯ್ತು?" ಅಂತ ಕೇಳಿ, ಆ ನಿಧಾನದ ಕೈಯಿಂದಲೇ ನನ್ನ ಕೈ ಹಿಡಿದುಕೊಂಡಳು.